‘ಅಟರ್’ ಎಂಬ ಇಂಗ್ಲಿಷ್ ವಿಶೇಷಣ: ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ‘ಅಟರ್’ (utter) ಎಂಬ ವಿಶೇಷಣವನ್ನು ಹುಡುಕಿದರೆ ‘ಸಂಪೂರ್ಣ’, ‘ಪೂರ್ತಿಯಾದ’, ‘ತೀರಾ’ ಎಂಬ ಅರ್ಥಗಳು ಸಿಗುತ್ತವೆ. ಅರ್ಥವೇನೋ ತಪ್ಪಲ್ಲ. ಆದರೆ ಅಷ್ಟನ್ನೇ ನಂಬಿಕೊಂಡು ‘ನಿಮ್ಮ ಸಂಪೂರ್ಣ ವಿಳಾಸ ಕೊಡಿ’ ಎಂಬುದನ್ನು ‘ಪ್ಲೀಸ್ ಗಿವ್ ಯುವರ್ ಅಟರ್ ಅಡ್ರೆಸ್’ ಎಂದು ಬರೆದರೆ ಓದಿದವರಿಗೆ ನಗು ತಡೆಯುವುದು ಕಷ್ಟ. ‘ಅಟರ್ ಲಿಸ್ಟ್’, ‘ಅಟರ್ ಡೀಟೇಲ್ಸ್’, ‘ಅಟರ್ ಸಿಲಬಸ್’ ಇವೂ ಅದೇ ಸಾಲಿಗೆ ಸೇರುತ್ತವೆ. ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ನೇರ ನಿಯಮ ಸಿಗುವುದು ಅಪರೂಪ. ಪದದ ಸ್ವಭಾವವನ್ನು ಒಮ್ಮೆ ಹಿಡಿದುಕೊಂಡರೆ ಮಾತ್ರ ಕೈ ತಡವರಿಸುವುದಿಲ್ಲ.

1. ಎರಡು ‘ಸಂಪೂರ್ಣ’ಗಳನ್ನು ಬೇರೆ ಮಾಡಿಕೊಳ್ಳಿ

ಕನ್ನಡದ ‘ಸಂಪೂರ್ಣ’ ಎರಡು ಬೇರೆಬೇರೆ ಕೆಲಸ ಮಾಡುತ್ತದೆ. ಏನೂ ಬಿಟ್ಟುಹೋಗಿಲ್ಲ ಎಂದು ಹೇಳುವುದು ಮೊದಲನೆಯದು: ಸಂಪೂರ್ಣ ಪಟ್ಟಿ, ಸಂಪೂರ್ಣ ವಿಳಾಸ, ಸಂಪೂರ್ಣ ಮಾಹಿತಿ. ಯಾವುದೋ ಸ್ಥಿತಿ ಅಥವಾ ಗುಣ ಎಲ್ಲೆ ಮುಟ್ಟಿಬಿಟ್ಟಿದೆ, ಇನ್ನು ಮುಂದೆ ಹೋಗಲು ಜಾಗವಿಲ್ಲ ಎಂದು ಹೇಳುವುದು ಎರಡನೆಯದು: ಸಂಪೂರ್ಣ ಗೊಂದಲ, ಸಂಪೂರ್ಣ ನಿರ್ಲಕ್ಷ್ಯ, ಸಂಪೂರ್ಣ ಹತಾಶೆ.

‘ಅಟರ್’ ಮಾಡುವುದು ಎರಡನೆಯ ಕೆಲಸವನ್ನು ಮಾತ್ರ. ಮೊದಲನೆಯದಕ್ಕೆ ‘ಫುಲ್’, ‘ಕಂಪ್ಲೀಟ್’, ‘ಎಂಟೈರ್’ ಇವೆ.

ಅನುಮಾನ ಬಂದಾಗ ಕನ್ನಡದಲ್ಲೇ ಪರೀಕ್ಷೆ ಮಾಡಿ ನೋಡಬಹುದು. ‘ಸಂಪೂರ್ಣ’ದ ಜಾಗದಲ್ಲಿ ‘ಒಂದೂ ಬಿಡದ’ ಎಂದು ಹಾಕಿ. ‘ಒಂದೂ ಬಿಡದ ಪಟ್ಟಿ’ ಎಂದರೆ ಅರ್ಥ ಕೂಡುತ್ತದೆ, ಹಾಗಾಗಿ ಅಲ್ಲಿ ‘ಅಟರ್’ ಬರುವುದಿಲ್ಲ. ‘ಒಂದೂ ಬಿಡದ ಗೊಂದಲ’ ಎಂದರೆ ಏನೂ ಅರ್ಥವಾಗುವುದಿಲ್ಲ. ‘ಎಲ್ಲೆ ಮೀರಿದ ಗೊಂದಲ’ ಎಂದರೆ ಆಗುತ್ತದೆ, ಹಾಗಾಗಿ ಅಲ್ಲಿ ‘ಅಟರ್ ಕನ್‌ಫ್ಯೂಶನ್’ ಸರಿ. ಹತ್ತರಲ್ಲಿ ಒಂಬತ್ತು ಸಂದರ್ಭಗಳು ಇಷ್ಟರಲ್ಲೇ ಇತ್ಯರ್ಥವಾಗುತ್ತವೆ.

2. ಹುಟ್ಟು ತಿಳಿದುಕೊಂಡರೆ ಸ್ವಭಾವ ತಿಳಿಯುತ್ತದೆ

‘ಅಟರ್’ ಹಳೆಯ ಇಂಗ್ಲಿಷಿನ ಪದ. ‘ಔಟ್’ ಎಂದರೆ ಹೊರಗೆ, ಅದರ ಮುಂದಿನ ಹಂತ ‘ಇನ್ನಷ್ಟು ಹೊರಗಿನ’. ಆ ಇನ್ನಷ್ಟು ಹೊರಗಿನದೇ ‘ಅಟರ್’. ಇಂದಿನ ‘ಔಟರ್’ ಕೂಡ ಇದೇ ಬೇರಿನದು. ಹೊರಗೆ, ಇನ್ನೂ ಹೊರಗೆ, ಕೊನೆಯ ಅಂಚಿಗೆ ಎಂದು ಸಾಗುತ್ತ ‘ಅಂಚು ಮುಟ್ಟಿದ’ ಎಂಬ ಇವತ್ತಿನ ಅರ್ಥಕ್ಕೆ ಬಂದು ನಿಂತಿದೆ. ಹಳೆಯ ಅರ್ಥ ಪೂರ್ತಿ ಅಳಿದುಹೋಗಿಲ್ಲ. ಇಂಗ್ಲೆಂಡಿನ ವಕೀಲಿಕೆಯಲ್ಲಿ ‘ಅಟರ್ ಬ್ಯಾರಿಸ್ಟರ್’ ಎಂಬ ಹಳೆಯ ಹೆಸರಿದೆ. ಅದು ಶುದ್ಧ ಬ್ಯಾರಿಸ್ಟರ್ ಎಂದಲ್ಲ, ಕಟಕಟೆಯ ಹೊರಗೆ ನಿಂತು ವಾದಿಸುವವನು ಎಂದು.

‘ಅಟರ್’ ಎಂಬ ಕ್ರಿಯಾಪದವೂ ಇದೆ: ಮಾತನ್ನು ಹೊರಹಾಕು, ಉಸುರು. ‘ಶಿ ಡಿಡ್ ನಾಟ್ ಅಟರ್ ಎ ವರ್ಡ್’ ಎಂದರೆ ಆಕೆ ಪಿಟಿಕ್ಕೆನ್ನಲಿಲ್ಲ. ಇಲ್ಲೂ ‘ಹೊರಗೆ’ ಎಂಬ ಭಾವವೇ. ಎರಡನ್ನೂ ಬೇರ್ಪಡಿಸುವುದು ಸುಲಭ. ನಾಮಪದದ ಮುಂದೆ ಸುಮ್ಮನೆ ಕೂತಿದ್ದರೆ ವಿಶೇಷಣ, ‘ಅಟರ್ಡ್’, ‘ಅಟರಿಂಗ್’ ಎಂದು ಬಾಲ ಬೆಳೆಸಿಕೊಂಡಿದ್ದರೆ, ಇಲ್ಲವೇ ಮೇಲಿನಂತೆ ‘ಡಿಡ್ ನಾಟ್’ ಆದ ಮೇಲೆ ಬಂದಿದ್ದರೆ ಕ್ರಿಯಾಪದ. ‘ಹಿ ಅಟರ್ಡ್ ಅಟರ್ ನಾನ್ಸೆನ್ಸ್’ ಎಂಬ ವಾಕ್ಯದಲ್ಲಿ ಎರಡೂ ಅಕ್ಕಪಕ್ಕ ಇವೆ.

ಉಚ್ಚಾರಣೆಯ ಬಗ್ಗೆಯೂ ಇಲ್ಲೇ ಒಂದು ಮಾತು. ಬರಹದಲ್ಲಿ ಎರಡು ‘ಟಿ’ ಇವೆ ಎಂದು ನಾವು ‘ಅಟ್ಟರ್’ ಎಂದು ಒತ್ತಿ ಹೇಳುತ್ತೇವೆ. ಕನ್ನಡದಲ್ಲಿ ‘ಕಟು’ ಬೇರೆ, ‘ಕಟ್ಟು’ ಬೇರೆ, ಹಾಗಾಗಿ ನಮಗೆ ಆ ಒತ್ತು ಸಹಜ. ಇಂಗ್ಲಿಷಿನಲ್ಲಿ ಎರಡು ಅಕ್ಷರ ಬರೆದರೂ ಹೇಳುವುದು ಒಂದೇ ‘ಟ’. ಅಮೆರಿಕದವರು ಆ ‘ಟ’ವನ್ನೂ ಮೆತ್ತಗೆ ಮಾಡಿ ‘ಅಡರ್’ ಎನ್ನುತ್ತಾರೆ. ಹಸುವಿನ ಕೆಚ್ಚಲಿಗೂ ಅವರು ಹೇಳುವುದು ‘ಅಡರ್’ ಎಂದೇ. ಹಸುವಿನ ಚಿತ್ರದ ಕೆಳಗೆ ‘ಅಡರ್ ನಾನ್ಸೆನ್ಸ್’ ಎಂದು ಬರೆದ ಜೋಕು ಕಂಡರೆ ಗುಟ್ಟು ಇಷ್ಟೇ.

3. ನಾಮಪದದ ಮುಂದೆ ಮಾತ್ರ ಕೂರಿಸಿ

ಇಂಗ್ಲಿಷಿನ ಹೆಚ್ಚಿನ ವಿಶೇಷಣಗಳು ಎರಡು ಜಾಗದಲ್ಲಿ ಬರಬಲ್ಲವು. ‘ಎ ಬಿಗ್ ಹೌಸ್’ ಎನ್ನಬಹುದು, ‘ದಿ ಹೌಸ್ ಈಸ್ ಬಿಗ್’ ಎನ್ನಲೂಬಹುದು. ‘ಅಟರ್’ಗೆ ಎರಡನೆಯ ಜಾಗ ಇಲ್ಲ. ‘ಅಟರ್ ಕೇಯಾಸ್’ ಸರಿ, ‘ದಿ ಕೇಯಾಸ್ ವಾಸ್ ಅಟರ್’ ತಪ್ಪು. ವಾಕ್ಯದ ಕೊನೆಯಲ್ಲಿ ಅಂಥದೊಂದು ಪದ ಬೇಕೇ ಬೇಕು ಎಂದಾದರೆ ‘ಟೋಟಲ್’, ‘ಕಂಪ್ಲೀಟ್’ ಅಥವಾ ‘ಅಬ್ಸಲ್ಯೂಟ್’ ಹಾಕಿಕೊಳ್ಳಬೇಕು.

ಇದು ಕನ್ನಡಿಗರಿಗೆ ಹೊಸದೇನಲ್ಲ. ‘ಅದು ಶುದ್ಧ ಸುಳ್ಳು’ ಎನ್ನುತ್ತೇವೆ. ‘ಆ ಸುಳ್ಳು ಶುದ್ಧವಾಗಿತ್ತು’ ಎಂದರೆ ಯಾರೋ ಅದನ್ನು ತೊಳೆದಿಟ್ಟಂತೆ ಕೇಳಿಸುತ್ತದೆ. ‘ಕಡುಬಡವ’ ಎನ್ನುತ್ತೇವೆ, ‘ಬಡವನು ಕಡುವಾಗಿದ್ದಾನೆ’ ಎನ್ನುವುದಿಲ್ಲ. ‘ಬರೀ ಬೊಗಳೆ’ ಇದೆ, ‘ಬೊಗಳೆ ಬರಿಯದಾಗಿತ್ತು’ ಇಲ್ಲ. ‘ಶುದ್ಧ’, ‘ಕಡು’, ‘ಬರೀ’ ಇಲ್ಲಿ ಗುಣ ಹೇಳುತ್ತಿಲ್ಲ, ಮುಂದಿನ ಪದಕ್ಕೆ ಒತ್ತು ಕೊಡುತ್ತಿವೆ. ಒತ್ತು ಕೊಡುವ ಪದ ತಾನು ಒತ್ತು ಕೊಡುವ ಪದವನ್ನು ಬಿಟ್ಟು ದೂರ ಹೋಗುವುದಿಲ್ಲ. ‘ಅಟರ್’ನದೂ ಇದೇ ಜಾಯಮಾನ.

ಅದರ ಮುಂದೆ ‘ವೆರಿ’, ‘ಮೋರ್’, ‘ಸೋ’ ಇವು ಯಾವುವೂ ನಿಲ್ಲುವುದಿಲ್ಲ. ಅಂಚು ಮುಟ್ಟಿದ ಮೇಲೆ ‘ಇನ್ನೂ ಸ್ವಲ್ಪ ಅಂಚು’ ಎನ್ನಲಾದೀತೇ? ಮೂಲದಲ್ಲಿ ಅದು ‘ಇನ್ನಷ್ಟು’ ಎಂಬ ಹಂತದ ರೂಪವೇ ಆಗಿದ್ದರಿಂದ ‘ಮೋರ್ ಅಟರ್’ ಎಂದರೆ ‘ಇನ್ನಷ್ಟು ಇನ್ನಷ್ಟು ಹೊರಗಿನ’ ಎಂದಂತೆ. ಸಿಟ್ಟು ನೆತ್ತಿಗೇರಿದಾಗ ಇಂಗ್ಲಿಷರು ‘ಅಟರ್, ಅಟರ್ ರಬಿಷ್’ ಎಂದು ಎರಡು ಸಲ ಹೇಳುವುದುಂಟು. ಅದು ಮಾತಿನ ಭರ, ಬರಹದಲ್ಲಿ ಬೇಡ.

4. ‘ಆನ್’ ಮರೆಯಬೇಡಿ

ಎಣಿಸಲು ಬರುವ ಏಕವಚನದ ನಾಮಪದವಿದ್ದರೆ ಹಿಂದೆ ‘ಆನ್’ (an) ಎಂಬ ಆರ್ಟಿಕಲ್ ಇರಲೇಬೇಕು: ಆನ್ ಅಟರ್ ಫೂಲ್, ಆನ್ ಅಟರ್ ಫೇಲ್ಯೂರ್, ಆನ್ ಅಟರ್ ಡಿಸಾಸ್ಟರ್. ಕನ್ನಡದಲ್ಲಿ ಆರ್ಟಿಕಲ್ ಎಂಬುದೇ ಇಲ್ಲದ್ದರಿಂದ ‘ಹಿ ಈಸ್ ಅಟರ್ ಫೂಲ್’ ಎಂದು ಬಾಯಿಗೆ ಬಂದುಬಿಡುತ್ತದೆ. ಎಣಿಸಲಾಗದ ನಾಮಪದಕ್ಕೆ ಆರ್ಟಿಕಲ್ ಬೇಡ: ಅಟರ್ ಕೇಯಾಸ್, ಅಟರ್ ನಾನ್ಸೆನ್ಸ್, ಅಟರ್ ಡಿಸ್‌ಪೇರ್. ಉದ್ಗಾರದಲ್ಲೂ ಇದೇ ಲೆಕ್ಕ. ‘ವಾಟ್ ಅಟರ್ ನಾನ್ಸೆನ್ಸ್!’ ಸರಿ, ‘ವಾಟ್ ಆನ್ ಅಟರ್ ಫೂಲ್!’ ಸರಿ, ಎರಡನ್ನೂ ಅದಲುಬದಲು ಮಾಡಿದರೆ ತಪ್ಪು.

5. ಯಾವ ನಾಮಪದದ ಜೊತೆ?

ನನ್ನ ಮಟ್ಟಿಗೆ ಈ ಪದದ ಸಾರವೆಲ್ಲ ಇರುವುದು ಇಲ್ಲಿ. ಮೇಲಿನ ನಿಯಮಗಳನ್ನೆಲ್ಲ ಪಾಲಿಸಿಯೂ ‘ಅಟರ್ ಟೇಬಲ್’ ಎಂದು ಬರೆಯಬಹುದು. ವ್ಯಾಕರಣ ಅದನ್ನು ತಡೆಯುವುದಿಲ್ಲ, ಅರ್ಥ ತಡೆಯುತ್ತದೆ.

ಮೊದಲನೆಯದಾಗಿ, ಆ ನಾಮಪದಕ್ಕೆ ಹೆಚ್ಚು ಕಡಿಮೆ ಎಂಬುದು ಇರಬೇಕು. ಮೂರ್ಖತನದಲ್ಲಿ ಹೆಚ್ಚು ಕಡಿಮೆ ಇದೆ, ಗೊಂದಲದಲ್ಲಿ ಇದೆ, ಸೋಲಿನಲ್ಲಿ ಇದೆ. ಮೇಜಿನಲ್ಲಿ ಇಲ್ಲ. ‘ಅಟರ್ ಟೀಚರ್’ ಆಗುವುದಿಲ್ಲ, ‘ಅಟರ್ ಈಡಿಯಟ್’ ಆಗುತ್ತದೆ. ‘ಅಟರ್ ಸ್ಟ್ರೇಂಜರ್’ ಕೂಡ ಆಗುತ್ತದೆ, ಯಾಕೆಂದರೆ ಪರಿಚಯ ಕಡಿಮೆಯಾಗುತ್ತ ಆಗುತ್ತ ಸೊನ್ನೆಗೆ ಇಳಿಯಬಲ್ಲದು.

ಎರಡನೆಯದು ಸೂಕ್ಷ್ಮ. ‘ಅಟರ್’ಗೆ ಕೆಟ್ಟದ್ದರ ಸಹವಾಸ ಇಷ್ಟ. ಅದರ ಜೊತೆ ಪದೇಪದೇ ಕಾಣಸಿಗುವ ಪದಗಳನ್ನು ನೋಡಿ: ಕೇಯಾಸ್, ಕನ್‌ಫ್ಯೂಶನ್, ನಾನ್ಸೆನ್ಸ್, ರಬಿಷ್, ಫೇಲ್ಯೂರ್, ಡಿಸ್‌ಪೇರ್, ಕಂಟೆಂಪ್ಟ್, ಡಿಸ್‌ರಿಗಾರ್ಡ್, ಮಿಸರಿ, ಎಕ್ಸಾಸ್ಚನ್. ಇಲ್ಲವೇ ಏನೂ ಇಲ್ಲದಿರುವುದನ್ನು ಹೇಳುವ ಪದಗಳು: ಸೈಲೆನ್ಸ್, ಡಾರ್ಕ್‌ನೆಸ್, ಲ್ಯಾಕ್. ಪದವೊಂದು ಯಾರ ಸಹವಾಸದಲ್ಲಿ ಓಡಾಡುತ್ತದೋ ಅವರ ಬಣ್ಣ ಅದಕ್ಕೂ ಹತ್ತುತ್ತದೆ. ಭಾಷಾವಿಜ್ಞಾನಿಗಳು ಇದನ್ನು ‘ಸಿಮ್ಯಾಂಟಿಕ್ ಪ್ರೊಸೊಡಿ’ ಎಂದು ಕರೆದರು. ಬಿಲ್ ಲೂ ಎಂಬ ವಿದ್ವಾಂಸರು 1993ರಲ್ಲಿ ಇದರ ಮೇಲೆ ಬರೆದ ಪ್ರಬಂಧದಲ್ಲಿ ಎತ್ತಿಕೊಂಡ ಉದಾಹರಣೆಗಳಲ್ಲಿ ‘ಅಟರ್’ನ ಕ್ರಿಯಾವಿಶೇಷಣ ರೂಪವಾದ ‘ಅಟರ್ಲಿ’ ಕೂಡ ಒಂದು. ಕಂಪ್ಯೂಟರಿನಲ್ಲಿ ಕೂಡಿಹಾಕಿದ ಇಂಗ್ಲಿಷ್ ವಾಕ್ಯಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ ಅದರ ಪಕ್ಕದಲ್ಲಿ ಬಹುಪಾಲು ಅಪ್ರಿಯ ಪದಗಳೇ ಇದ್ದವು. ಇಂಗ್ಲಿಷನ್ನು ಮನೆಮಾತಾಗಿ ಆಡುವವರಿಗೂ ಇದು ಕೇಳಿದ ತಕ್ಷಣ ಹೊಳೆಯುವ ಸಂಗತಿಯಲ್ಲ. ಬಳಸುವಾಗ ಮಾತ್ರ ತಾನಾಗಿ ಸರಿಯಾಗಿ ಬಳಸುತ್ತಾರೆ.

ಪರಿಣಾಮ ಏನೆಂದರೆ, ‘ಅಟರ್ ಫೇಲ್ಯೂರ್’ ಸಲೀಸಾಗಿ ಬಾಯಿಗೆ ಬರುತ್ತದೆ, ‘ಅಟರ್ ಸಕ್ಸೆಸ್’ ಬರುವುದಿಲ್ಲ. ಯಶಸ್ಸಿಗೆ ‘ಕಂಪ್ಲೀಟ್ ಸಕ್ಸೆಸ್’ ಅಥವಾ ‘ಟೋಟಲ್ ಸಕ್ಸೆಸ್’ ಎನ್ನಬೇಕು. ಗೆದ್ದವರಿಗೆ ‘ಕಂಗ್ರಾಜುಲೇಶನ್ಸ್ ಆನ್ ಯುವರ್ ಅಟರ್ ವಿಕ್ಟರಿ’ ಎಂದು ಸಂದೇಶ ಕಳಿಸಿದರೆ ಹೊಗಳಿದಿರೋ ಕುಟುಕಿದಿರೋ ಎಂದು ಅವರು ಯೋಚಿಸುತ್ತಾ ಕೂರಬೇಕಾಗುತ್ತದೆ.

ಹಾಗೆಂದು ಒಳ್ಳೆಯದರ ಜೊತೆ ಬರುವುದೇ ಇಲ್ಲ ಎಂದು ಬರೆದಿಟ್ಟುಕೊಳ್ಳಬೇಡಿ. ‘ಅಟರ್ ಜಾಯ್’, ‘ಅಟರ್ ಡಿಲೈಟ್’, ‘ಅಟರ್ ಬ್ಲಿಸ್’ ಎಲ್ಲವೂ ಚಾಲ್ತಿಯಲ್ಲಿವೆ. ‘ವಿತ್ ಅಟರ್ ಕನ್ವಿಕ್ಷನ್’ ಎಂದರೆ ಅಚಲ ನಂಬಿಕೆಯಿಂದ ಎಂದು, ಅದರಲ್ಲಿ ನಿಂದೆ ಏನೂ ಇಲ್ಲ. ಗಮನಿಸಿದರೆ ಇವೆಲ್ಲ ಮನುಷ್ಯ ತನ್ನನ್ನೇ ಮರೆಯುವಷ್ಟು ತೀವ್ರವಾದ ಭಾವಗಳು. ಹದವಾದ ಒಳ್ಳೆಯತನಕ್ಕೆ ‘ಅಟರ್’ ಒಗ್ಗುವುದಿಲ್ಲ, ಉಕ್ಕಿ ಹರಿಯುವ ಸಂತೋಷಕ್ಕೆ ಒಗ್ಗುತ್ತದೆ.

ಇದರ ಒಡಹುಟ್ಟು ‘ಅಟ್‌ಮೋಸ್ಟ್’ (utmost). ಅದೂ ‘ಔಟ್’ ಬೇರಿನದೇ, ನಮ್ಮ ‘ತುತ್ತತುದಿ’, ‘ಕಟ್ಟಕಡೆ’ ಇದ್ದಂತೆ. ಸ್ವಭಾವ ಮಾತ್ರ ತದ್ವಿರುದ್ಧ. ಅದು ಗೌರವ, ಎಚ್ಚರ, ಮಹತ್ವದ ಪಕ್ಷ: ಅಟ್‌ಮೋಸ್ಟ್ ರಿಸ್ಪೆಕ್ಟ್, ಅಟ್‌ಮೋಸ್ಟ್ ಕೇರ್, ಅಟ್‌ಮೋಸ್ಟ್ ಇಂಪಾರ್ಟೆನ್ಸ್. ವಿಮೆಯ ಒಪ್ಪಂದಗಳ ಬುನಾದಿಯೇ ‘ಅಟ್‌ಮೋಸ್ಟ್ ಗುಡ್ ಫೇತ್’, ಅಂದರೆ ಪರಮ ಸದ್ಭಾವನೆ. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆಯಲ್ಲಿ ಇದೇ ಮಾತು ಇದೆ. ಅರ್ಜಿಯಲ್ಲಿ ‘ವಿತ್ ಅಟರ್ ರಿಸ್ಪೆಕ್ಟ್’ ಎಂದು ಬರೆಯುವವರು ನಿಜವಾಗಿ ಹುಡುಕುತ್ತಿರುವುದು ‘ಅಟ್‌ಮೋಸ್ಟ್’ ಪದವನ್ನು. ಗೌರವಕ್ಕೆ ಅಟ್‌ಮೋಸ್ಟ್, ತಿರಸ್ಕಾರಕ್ಕೆ ಅಟರ್ ಎಂದಿಟ್ಟುಕೊಂಡರೆ ಸಾಕು.

6. ಕನ್ನಡಕ್ಕೆ ತರುವಾಗ ನಾಮಪದವನ್ನು ಕೇಳಿ

ಅನುವಾದ ಮಾಡುವವರು ಸಾಮಾನ್ಯವಾಗಿ ‘ಅಟರ್’ ಕಂಡಲ್ಲೆಲ್ಲ ‘ಸಂಪೂರ್ಣ’ ಅಥವಾ ‘ಪರಿಪೂರ್ಣ’ ಎಂದು ಹಾಕುತ್ತಾರೆ. ‘ಪರಿಪೂರ್ಣ ಮೂರ್ಖ’ ಎಂದರೆ ಮೂರ್ಖತನದಲ್ಲಿ ಪದವಿ ಪಡೆದವನಂತಿದೆ. ‘ಸಂಪೂರ್ಣ ಕತ್ತಲೆ’ ಅರ್ಥವಾಗುತ್ತದೆ, ಕಣ್ಣಿಗೆ ಕಟ್ಟುವುದಿಲ್ಲ. ಕನ್ನಡದಲ್ಲಿ ‘ಅಟರ್’ಗೆ ಒಂದೇ ಪದ ಇಲ್ಲ. ಮುಂದೆ ಯಾವ ನಾಮಪದ ಬರುತ್ತದೋ ಅದೇ ತನಗೆ ಬೇಕಾದ ಪದವನ್ನು ಆರಿಸಿಕೊಳ್ಳುತ್ತದೆ.

‘ಅಟರ್ ಡಾರ್ಕ್‌ನೆಸ್’ ಕಗ್ಗತ್ತಲು. ಇಲ್ಲಿ ‘ಅಟರ್’ ನಾಮಪದದ ಒಳಗೇ ಸೇರಿಹೋಗಿದೆ. ‘ಕಗ್ಗಾಡು’, ‘ಕಗ್ಗೊಲೆ’, ‘ಕಗ್ಗಂಟು’ ಎಲ್ಲದರಲ್ಲೂ ಆ ‘ಕಗ್’ ಮಾಡುತ್ತಿರುವುದು ಇದೇ ಕೆಲಸ. ‘ಅಟರ್ ಫೂಲ್’ ಶತಮೂರ್ಖ, ಕಡುಮೂರ್ಖ, ಇಲ್ಲವೇ ಶುದ್ಧ ಪೆದ್ದ. ಬೈಗುಳದ ಖಾರ ಎಷ್ಟಿರಬೇಕು ಎಂಬುದರ ಮೇಲೆ ಆರಿಸಿಕೊಳ್ಳಿ. ‘ಅಟರ್ ಡಿಫೀಟ್’ ಹೀನಾಯ ಸೋಲು. ‘ಅಟರ್ ರಬಿಷ್’ ಬರೀ ಬೊಗಳೆ, ‘ಅಟರ್ ವೇಸ್ಟ್’ ಶುದ್ಧ ದಂಡ. ‘ಅಟರ್ ಮೆಸ್’ಗೆ ‘ಅಧ್ವಾನ’ ಒಂದೇ ಸಾಕು, ಅದರ ಹಿಂದೆ ಮತ್ತೊಂದು ವಿಶೇಷಣ ತಗಲಿಸುವುದು ಬೇಡ. ‘ಅಟರ್ ಸೈಲೆನ್ಸ್’ ಗಾಢ ಮೌನ, ಕಥೆಯಲ್ಲಿ ಬಂದರೆ ‘ಸೂಜಿ ಬಿದ್ದರೂ ಕೇಳಿಸುವಂಥ ಮೌನ’. ‘ಅಪ್ಪಟ’ ಎಂಬ ಪದದ ಮೇಲೆ ಸ್ವಲ್ಪ ನಿಗಾ ಇರಲಿ. ‘ಅಪ್ಪಟ ಸುಳ್ಳು’ ಎನ್ನುವವರಿದ್ದಾರೆ, ಆದರೆ ಅದರ ಒಲವು ಅಸಲಿತನದ ಕಡೆಗೆ: ಅಪ್ಪಟ ಚಿನ್ನ, ಅಪ್ಪಟ ಪ್ರತಿಭೆ. ‘ಅಟರ್ ಡಿಸ್‌ಪೇರ್’ಗೆ ‘ಅಪ್ಪಟ ಹತಾಶೆ’ ಹೊಂದುವುದಿಲ್ಲ.

ಹೆಚ್ಚು ಪೇಚಾಟ ತರುವುದು ಇನ್ನೊಂದು ಗುಂಪು. ‘ಅಟರ್ ಡಿಸ್‌ರಿಗಾರ್ಡ್ ಫಾರ್ ದಿ ರೂಲ್ಸ್’ ಎಂಬುದನ್ನು ‘ನಿಯಮಗಳ ಬಗೆಗಿನ ಸಂಪೂರ್ಣ ಅವಗಣನೆ’ ಎಂದು ತಂದರೆ ಸರ್ಕಾರಿ ಸುತ್ತೋಲೆಯಂತಿರುತ್ತದೆ. ಕನ್ನಡ ಇಂಥ ಕಡೆ ನಾಮಪದವನ್ನು ಬಿಟ್ಟು ಕ್ರಿಯೆಗೆ ಹೊರಳುತ್ತದೆ, ಅದೂ ನಿಷೇಧದ ಕ್ರಿಯೆಗೆ: ‘ನಿಯಮಗಳಿಗೆ ಕಿಂಚಿತ್ತೂ ಬೆಲೆ ಕೊಡದೆ’. ‘ಅಟರ್ ಲ್ಯಾಕ್ ಆಫ್ ಶೇಮ್’ ಎಂದರೆ ‘ಲವಲೇಶವೂ ನಾಚಿಕೆಯಿಲ್ಲ’. ‘ಅಟರ್ ಸ್ಟ್ರೇಂಜರ್’ ಎಂದರೆ ‘ಮುಖಪರಿಚಯವೂ ಇಲ್ಲದವರು’. ‘ಸ್ಟೇರ್ಡ್ ಇನ್ ಅಟರ್ ಡಿಸ್‌ಬಿಲೀಫ್’ ಎಂದರೆ ‘ಕಣ್ಣನ್ನೇ ನಂಬಲಾಗದೆ ನೋಡುತ್ತ ನಿಂತರು’. ಕಿಂಚಿತ್ತೂ, ಲವಲೇಶವೂ, ಎಳ್ಳಷ್ಟೂ, ಒಂಚೂರೂ ಎಂಬ ಈ ‘ಊ’ಕಾರದ ಮಾತುಗಳೇ ಇಲ್ಲಿ ಕನ್ನಡದ ‘ಅಟರ್’. ಇದನ್ನು ತಿರುಗಿಸಿಯೂ ಬಳಸಿಕೊಳ್ಳಬಹುದು. ನಿಮ್ಮ ತಲೆಯಲ್ಲಿ ‘ಎಳ್ಳಷ್ಟೂ ಇಲ್ಲ’ ಎಂಬ ಕನ್ನಡ ಮೂಡಿದರೆ ಇಂಗ್ಲಿಷಿನಲ್ಲಿ ‘ಆನ್ ಅಟರ್ ಲ್ಯಾಕ್ ಆಫ್’ ಬರೆಯಲು ಅವಕಾಶವಿದೆ ಎಂದು ಅರ್ಥ.

ಒಂದು ಕಡೆ ಮಾತ್ರ ಕನ್ನಡದ ದಾರಿ ಹಿಡಿದು ಹೋದರೆ ಮೋಸ ಹೋಗುತ್ತೀರಿ. ‘ಕಡುಬಡತನ’ದ ‘ಕಡು’ ನೋಡಿ ‘ಅಟರ್ ಪಾವರ್ಟಿ’ ಎಂದು ಬರೆದರೆ ತಪ್ಪೇನಿಲ್ಲ, ಆದರೆ ಇಂಗ್ಲಿಷಿನಲ್ಲಿ ಬಡತನಕ್ಕೆ ಒಗ್ಗಿಹೋದ ಜೊತೆ ‘ಅಬ್ಜೆಕ್ಟ್ ಪಾವರ್ಟಿ’. ಹಸಿ ಸುಳ್ಳಿಗೂ ಅಷ್ಟೇ, ‘ಔಟ್‌ರೈಟ್ ಲೈ’ ಅಥವಾ ‘ಡೌನ್‌ರೈಟ್ ಲೈ’ ಹೆಚ್ಚು ಸಹಜ.

7. ದಾಯಾದಿಗಳನ್ನು ಗುರುತಿಸಿ

‘ಅಟರ್’ನ ದಾಯಾದಿಗಳಲ್ಲಿ, ಅಂದರೆ ಅದಕ್ಕೆ ಹತ್ತಿರದ ಅರ್ಥವಿರುವ ಪದಗಳಲ್ಲಿ, ಮೊದಲು ಕಲಿಯಬೇಕಾದ್ದು ‘ಶಿಯರ್’ (sheer). ‘ಇದೊಂದರ ಬಲದಿಂದಲೇ’ ಎಂಬುದು ಅದರ ಒಳ ಅರ್ಥ. ‘ಶಿಯರ್ ಲಕ್’ ಬರೀ ಅದೃಷ್ಟ, ‘ಶಿಯರ್ ಹಾರ್ಡ್ ವರ್ಕ್’ ಕೇವಲ ದುಡಿಮೆ. ಗಾತ್ರ, ಸಂಖ್ಯೆ, ತೂಕದ ಮಾತು ಬಂದಾಗಲೂ ಅದೇ: ‘ಶಿಯರ್ ಸೈಜ್’, ‘ಶಿಯರ್ ನಂಬರ್ಸ್’. ಈ ಯಾವ ಜಾಗಕ್ಕೂ ‘ಅಟರ್’ ಹೋಗಲಾರದು. ‘ಅಟರ್ ಲಕ್’ ಎಂದು ಯಾರೂ ಹೇಳುವುದಿಲ್ಲ. ಹಾಗೆಯೇ ‘ಶಿಯರ್ ಫೂಲ್’ ಕೂಡ ಇಲ್ಲ. ‘ಶಿಯರ್ ನಾನ್ಸೆನ್ಸ್’, ‘ಶಿಯರ್ ಜಾಯ್’ನಂಥ ಕಡೆ ಇಬ್ಬರೂ ಸಲ್ಲುತ್ತಾರೆ. ಕಡಿದಾದ ಬಂಡೆಗೂ, ಆಚೆಬದಿ ಕಾಣುವಷ್ಟು ತೆಳುವಾದ ಬಟ್ಟೆಗೂ ಇದೇ ‘ಶಿಯರ್’ ಎನ್ನುತ್ತಾರೆ, ಅದು ಬೇರೆ ಕಥೆ.

‘ಅಬ್ಸಲ್ಯೂಟ್’ ಪಕ್ಷಪಾತಿಯಲ್ಲ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಮನಾಗಿ ಬರುತ್ತದೆ: ಅಬ್ಸಲ್ಯೂಟ್ ಪ್ಲೆಶರ್, ಅಬ್ಸಲ್ಯೂಟ್ ಡಿಸಾಸ್ಟರ್. ಅದಕ್ಕೆ ಶಾಸ್ತ್ರದ ಕೆಲಸವೂ ಉಂಟು. −273.15 ಡಿಗ್ರಿ ಸೆಲ್ಸಿಯಸ್ ಎಂಬ ನಿರಪೇಕ್ಷ ಶೂನ್ಯಕ್ಕೆ ‘ಅಬ್ಸಲ್ಯೂಟ್ ಝೀರೊ’, ಒಟ್ಟು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದರೆ ‘ಅಬ್ಸಲ್ಯೂಟ್ ಮೆಜಾರಿಟಿ’. ಅಳತೆಗೆ ಸಿಗುವ ವಿಷಯಕ್ಕೆ ‘ಅಟರ್’ ತಲೆಹಾಕುವುದಿಲ್ಲ, ಅದರ ಹಿಂದೆ ಯಾವತ್ತೂ ಆಡುವವನ ಭಾವ ಇರಬೇಕು. ಚಂದ್ರ ಸೂರ್ಯನನ್ನು ಪೂರ್ತಿ ಮರೆಮಾಡುವ ಖಗ್ರಾಸ ಗ್ರಹಣ ‘ಟೋಟಲ್ ಎಕ್ಲಿಪ್ಸ್’ ಆಗುವುದೂ ಇದೇ ಕಾರಣಕ್ಕೆ. ಆ ಹೊತ್ತಿನಲ್ಲಿ ನೋಡುವವನಿಗೆ ಆಗುವ ಬೆರಗು ‘ಅಟರ್ ಅಮೇಜ್‌ಮೆಂಟ್’ ಆಗಬಹುದು, ಗ್ರಹಣ ಆಗದು.

‘ಔಟ್‌ರೈಟ್’ ಕೆಲಸಗಳ ಜೊತೆ ಬರುತ್ತದೆ: ನೇರ ನಿಷೇಧ, ಖಡಾಖಂಡಿತ ನಿರಾಕರಣೆ. ‘ಪರ್ಫೆಕ್ಟ್’ ಇಲ್ಲಿ ಅಚ್ಚರಿಯ ಅತಿಥಿ. ‘ಎ ಪರ್ಫೆಕ್ಟ್ ಸ್ಟ್ರೇಂಜರ್’ ಎಂದರೆ ಗುಣಸಂಪನ್ನ ಅಪರಿಚಿತ ಎಂದಲ್ಲ, ಗುರುತೇ ಇಲ್ಲದವನು ಎಂದು.

8. ‘ಅಟರ್ಲಿ’ಗೆ ಬೇರೆ ಲೆಕ್ಕ

ವಿಶೇಷಣದ ಮುಂದೆ ‘ಅಟರ್’ ಬರುವುದಿಲ್ಲ, ‘ಅಟರ್ಲಿ’ ಬರುತ್ತದೆ. ‘ಅಟರ್ ಯೂಸ್‌ಲೆಸ್’ ತಪ್ಪು, ‘ಅಟರ್ಲಿ ಯೂಸ್‌ಲೆಸ್’ ಸರಿ. ಅದು ಆರಿಸಿಕೊಳ್ಳುವ ವಿಶೇಷಣಗಳೂ ಅಂಚಿನವೇ: ಎಕ್ಸಾಸ್ಟೆಡ್, ರಿಡಿಕ್ಯುಲಸ್, ಡಿಫರೆಂಟ್, ಇಂಪಾಸಿಬಲ್. ‘ಅಟರ್ಲಿ ಬಿಗ್’, ‘ಅಟರ್ಲಿ ಗುಡ್’ ಕೇಳಿಬರುವುದಿಲ್ಲ, ಅವಕ್ಕೆ ‘ವೆರಿ’ ಸಾಕು. ‘ಅಟರ್ಲಿ ಚಾರ್ಮಿಂಗ್’, ‘ಅಟರ್ಲಿ ಡಿಲೈಟ್‌ಫುಲ್’ ಮಾತ್ರ ಧಾರಾಳವಾಗಿವೆ. ಒಳ್ಳೆಯ ಮಾತಿನ ವಿಷಯದಲ್ಲಿ ‘ಅಟರ್ಲಿ’ ತನ್ನ ಅಣ್ಣನಿಗಿಂತ ಕೊಂಚ ಉದಾರಿ.

ಕ್ರಿಯಾಪದದ ಜೊತೆ ಹಾಕುವಾಗ ಒಪ್ಪುವ ಮಾತೋ ತಳ್ಳುವ ಮಾತೋ ನೋಡಿಕೊಳ್ಳಿ. ‘ಐ ಅಟರ್ಲಿ ರಿಜೆಕ್ಟ್’, ‘ಅಟರ್ಲಿ ಡಿನೈ’, ‘ಅಟರ್ಲಿ ಫೇಲ್ಡ್’ ಎಲ್ಲ ಸಲೀಸು. ‘ಐ ಅಟರ್ಲಿ ಅಗ್ರೀ’ ಎಂದರೆ ಕಿವಿಗೆ ಕಿರಿಕಿರಿ. ಒಪ್ಪಿಗೆಗೆ ‘ಕಂಪ್ಲೀಟ್ಲಿ’ ಅಥವಾ ‘ಟೋಟಲಿ’ ಇರಲಿ.

9. ಯಾರ ಮುಂದೆ, ಯಾವ ದನಿಯಲ್ಲಿ

ಇದು ಬಿಸಿ ಪದ. ಸಹೋದ್ಯೋಗಿಯ ವರದಿ ಓದಿ ‘ದಿಸ್ ಈಸ್ ಅಟರ್ ನಾನ್ಸೆನ್ಸ್’ ಎಂದು ಉತ್ತರಿಸಿದರೆ ಅಲ್ಲಿಗೆ ಚರ್ಚೆ ಮುಗಿದು ಜಗಳ ಶುರು. ಅದೇ ಅಭಿಪ್ರಾಯವನ್ನು ‘ಐ ಫೌಂಡ್ ದಿಸ್ ಸೆಕ್ಷನ್ ಕನ್‌ಫ್ಯೂಸಿಂಗ್’ ಎಂದು ಹೇಳಲು ಬರುತ್ತದೆ. ಪತ್ರಿಕೆಯ ಸಂಪಾದಕೀಯ, ನ್ಯಾಯಾಲಯದ ಖಂಡನೆ, ಕಥೆ, ಪ್ರವಾಸ ಕಥನ ಇವುಗಳಲ್ಲಿ ಅದಕ್ಕೆ ಮರ್ಯಾದೆ ಇದೆ. ತೀರ್ಪಿನಲ್ಲಿ ‘ಅಟರ್ ಡಿಸ್‌ರಿಗಾರ್ಡ್’ ಎಂದು ಕಂಡರೆ ನ್ಯಾಯಾಧೀಶರು ಸಿಟ್ಟಾಗಿದ್ದಾರೆ ಎಂದೇ ತಿಳಿಯಬೇಕು. ಒಂದು ಪುಟಕ್ಕೆ ಒಂದು ಸಲಕ್ಕಿಂತ ಹೆಚ್ಚು ಬಂದರೆ ಸಪ್ಪೆಯಾಗುತ್ತದೆ. ನಾನಾದರೆ ಕರಡು ಮುಗಿದ ಮೇಲೆ ಎಲ್ಲ ‘ಅಟರ್’ಗಳನ್ನೂ ಹುಡುಕಿ, ತೆಗೆದರೂ ವಾಕ್ಯ ನಿಲ್ಲುತ್ತದೆಯೇ ನೋಡುತ್ತೇನೆ. ನಿಂತರೆ ಅದಕ್ಕೆ ಅಲ್ಲಿ ಕೆಲಸವಿರಲಿಲ್ಲ.

10. ಕೈಯಾರೆ ಮಾಡಿ ನೋಡಿ

ಈ ಪುಟ್ಟ ಕನ್ನಡ ಪ್ಯಾರಾವನ್ನು ಇಂಗ್ಲಿಷಿಗೆ ತರಬೇಕು ಎಂದುಕೊಳ್ಳಿ: ‘ಸಭೆ ಪೂರ್ತಿ ಗೊಂದಲದ ಗೂಡಾಗಿತ್ತು. ಸಂಪೂರ್ಣ ವರದಿ ಯಾರ ಕೈಯಲ್ಲೂ ಇರಲಿಲ್ಲ. ಅಧ್ಯಕ್ಷರು ತೀರಾ ಬಳಲಿದ್ದರು. ಆದರೂ ಕೊನೆಗೆ ಪೂರ್ಣ ಒಮ್ಮತದಿಂದ ನಿರ್ಣಯವಾಯಿತು.’

ನಾಲ್ಕು ವಾಕ್ಯದಲ್ಲೂ ‘ಅಟರ್’ ಇಣುಕುತ್ತದೆ, ಒಳಗೆ ಬಿಡಬೇಕಾದ್ದು ಎಷ್ಟು ಕಡೆ? ಮೊದಲ ವಾಕ್ಯದಲ್ಲಿ ಗೊಂದಲ ಎಲ್ಲೆ ಮೀರಿದೆ, ನಾಮಪದ ಕೆಟ್ಟದ್ದು, ಹಾಗಾಗಿ ‘ದಿ ಮೀಟಿಂಗ್ ವಾಸ್ ಅಟರ್ ಕೇಯಾಸ್’. ಎರಡನೆಯದು ‘ಒಂದೂ ಬಿಡದ’ ಜಾತಿಯ ಸಂಪೂರ್ಣ, ‘ದಿ ಫುಲ್ ರಿಪೋರ್ಟ್’ ಎಂದೇ ಆಗಬೇಕು. ಮೂರನೆಯದರಲ್ಲಿ ಮುಂದಿರುವುದು ನಾಮಪದವಲ್ಲ, ‘ಅಟರ್ಲಿ ಎಕ್ಸಾಸ್ಟೆಡ್’. ಆದರೆ ಎರಡು ವಾಕ್ಯ ಹಿಂದಷ್ಟೇ ‘ಅಟರ್’ ಬಂದು ಹೋಗಿದೆ, ಇಲ್ಲಿ ‘ಕಂಪ್ಲೀಟ್ಲಿ ಎಕ್ಸಾಸ್ಟೆಡ್’ ಎಂದರೇ ಚೆಂದ. ನಾಲ್ಕನೆಯದು ಹದವಾದ, ಸಮಾಧಾನದ ಸಂಗತಿ. ‘ಅಟರ್ ಅಗ್ರೀಮೆಂಟ್’ ಬೇಡ, ‘ಯುನ್ಯಾನಿಮಸ್ಲಿ’ ಎಂಬ ಒಂದೇ ಪದ ಸಾಕು.

ಇನ್ನು ಬಿಡಿ ವಾಕ್ಯಗಳು. ಉತ್ತರ ಓದುವ ಮೊದಲು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳಿ.

‘ಆ ಸಿನಿಮಾಕ್ಕೆ ಹೋಗಿದ್ದು ಶುದ್ಧ ದಂಡ.’ ಇದು ‘ಆನ್ ಅಟರ್ ವೇಸ್ಟ್ ಆಫ್ ಟೈಮ್’. ‘ಆನ್’ ಹಾಕಿದಿರಿ ತಾನೆ?

‘ಅವನು ಗೆದ್ದದ್ದು ಬರೀ ಅದೃಷ್ಟದಿಂದ.’ ‘ಬೈ ಶಿಯರ್ ಲಕ್’.

‘ಅರ್ಜಿಯನ್ನು ಸಂಪೂರ್ಣವಾಗಿ ಭರ್ತಿ ಮಾಡಿ.’ ಒಂದು ಖಾನೆಯನ್ನೂ ಬಿಡದೆ ಎಂದು ಅರ್ಥ, ಹಾಗಾಗಿ ‘ಕಂಪ್ಲೀಟ್ಲಿ’.

‘ಆಕೆ ಅಚಲ ನಂಬಿಕೆಯಿಂದ ಮಾತಾಡಿದಳು.’ ‘ಶಿ ಸ್ಪೋಕ್ ವಿತ್ ಅಟರ್ ಕನ್ವಿಕ್ಷನ್’. ನಾಮಪದ ಒಳ್ಳೆಯದಾದರೂ ತೀವ್ರತೆ ಇರುವುದರಿಂದ ನಡೆಯುತ್ತದೆ.

‘ಅವರಿಗೆ ನಿಯಮಗಳ ಬಗ್ಗೆ ಎಳ್ಳಷ್ಟೂ ಗೌರವವಿಲ್ಲ.’ ಇದಕ್ಕೆ ಎರಡು ದಾರಿ: ‘ದೇ ಹ್ಯಾವ್ ಆನ್ ಅಟರ್ ಲ್ಯಾಕ್ ಆಫ್ ರಿಸ್ಪೆಕ್ಟ್ ಫಾರ್ ದಿ ರೂಲ್ಸ್’ ಅಥವಾ ‘ದೇ ಶೋ ಅಟರ್ ಡಿಸ್‌ರಿಗಾರ್ಡ್ ಫಾರ್ ದಿ ರೂಲ್ಸ್’. ಎರಡನೆಯದು ಚಿಕ್ಕದು, ಏಟೂ ಜೋರು. ‘ಲ್ಯಾಕ್’ ಆದ ಮೇಲೆ ‘ಆಫ್’ ಬರುತ್ತದೆ, ‘ಡಿಸ್‌ರಿಗಾರ್ಡ್’ ಮತ್ತು ‘ಕಂಟೆಂಪ್ಟ್’ ಆದ ಮೇಲೆ ‘ಫಾರ್’. ‘ಬಗ್ಗೆ’ ಎಂಬುದನ್ನು ನೇರವಾಗಿ ಇಂಗ್ಲಿಷಿಗೆ ಇಳಿಸಿ ‘ಅಬೌಟ್’ ಹಾಕಿದ್ದರೆ ಅಳಿಸಿ ಬರೆಯಿರಿ.